ಉಗ್ರಾಣ ಹತ್ತಿರವಾದರೆ ಡಬ್ಬಿ ಬೇಡವೇ?

ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ಹಲವೆಡೆ ಕೇಳಿಬರುವ ಮಾತೊಂದಿದೆ: ‘ಎಸ್‌ಎಸ್‌ಡಿ ಬಹಳ ವೇಗವಾಗಿದೆ, ಮೆಮೊರಿ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.’ ಈ ಮಾತಿನಲ್ಲಿ ಸತ್ಯವೆಷ್ಟು? ಪ್ರಶ್ನೆ ಹೊಸದೆಂದು ಕಂಡರೂ ಇದಕ್ಕೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಕಂಪ್ಯೂಟರಿನಲ್ಲಿ ಮಾಹಿತಿಗೆ ಎರಡು ಜಾಗಗಳು. ರ‍್ಯಾಮ್ ಎಂದು ಕರೆಯುವ ಮೆಮೊರಿ ಒಲೆಯ ಪಕ್ಕದ ಡಬ್ಬಿಗಳಿದ್ದಂತೆ. ಕೈಚಾಚಿದರೆ ಸಿಗುತ್ತದೆ, ಆದರೆ ಹಿಡಿಸುವುದು ಕಡಿಮೆ, ಬೆಲೆ ಹೆಚ್ಚು. ಡಿಸ್ಕ್ ಅಥವಾ ಎಸ್‌ಎಸ್‌ಡಿ ಉಗ್ರಾಣವಿದ್ದಂತೆ. ಮೂಟೆಗಟ್ಟಲೆ ಹಿಡಿಸುತ್ತದೆ, ಆದರೆ ಬೇಕಾದಾಗಲೆಲ್ಲ ಎದ್ದು ಹೋಗಬೇಕು. ಕಂಪ್ಯೂಟರ್ ಲೆಕ್ಕ ಮಾಡುವುದು ಡಬ್ಬಿಯಲ್ಲಿರುವುದನ್ನು ಮಾತ್ರ.

1950ರ ದಶಕದಲ್ಲಿ ಈ ಓಡಾಟವೆಲ್ಲ ಪ್ರೋಗ್ರಾಂ ಬರೆಯುವವರ ತಲೆಗೇ ಬೀಳುತ್ತಿತ್ತು. ಯಾವ ಭಾಗವನ್ನು ಯಾವಾಗ ಒಳಗೆ ತರಬೇಕು, ಯಾವುದನ್ನು ಹೊರಗೆ ಕಳಿಸಬೇಕು ಎಂಬುದನ್ನು ಅವರೇ ಯೋಜಿಸಬೇಕಿತ್ತು. ಈ ಕಷ್ಟಕ್ಕೆ ಉಪಾಯ ಹುಡುಕಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಾಮ್ ಕಿಲ್‌ಬರ್ನ್ ಮತ್ತು ಸಂಗಡಿಗರು. ಫೆರಾಂಟಿ ಕಂಪೆನಿಯೊಡನೆ ಅವರು ನಿರ್ಮಿಸಿದ ‘ಅಟ್ಲಾಸ್’ ಕಂಪ್ಯೂಟರ್ 1962ರ ಡಿಸೆಂಬರ್ 7ರಂದು ಉದ್ಘಾಟನೆಯಾಯಿತು. ಅದರ ಮುಖ್ಯ ಮೆಮೊರಿಯಲ್ಲಿ ಹಿಡಿಸುತ್ತಿದ್ದುದು 16,384 ಪದಗಳು. ತಿರುಗುವ ಕಾಂತೀಯ ಡ್ರಮ್‌ಗಳಲ್ಲಿ 98 ಸಾವಿರಕ್ಕೂ ಹೆಚ್ಚು. ಯಂತ್ರವೇ ಮಾಹಿತಿಯನ್ನು 512 ಪದಗಳ ‘ಪುಟ’ಗಳಾಗಿ ವಿಂಗಡಿಸಿ, ಬೇಕಾದ ಪುಟವನ್ನು ಡ್ರಮ್‌ನಿಂದ ತರುತ್ತಿತ್ತು, ಸದ್ಯಕ್ಕೆ ಬೇಡವೆಂದು ಊಹಿಸಿದ ಪುಟವನ್ನು ಹೊರಗೆ ಕಳಿಸುತ್ತಿತ್ತು. ಬಳಸುವವರಿಗೆ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿಯಂತೆ ಕಾಣುತ್ತಿತ್ತು. ಇಂದಿನ ‘ವರ್ಚುವಲ್ ಮೆಮೊರಿ’ಯ ಮೂಲ ಇದೇ.

ಆದರೆ ಕಾಣುವುದು ಬೇರೆ, ಇರುವುದು ಬೇರೆ. ಅಟ್ಲಾಸ್‌ನ ಮುಖ್ಯ ಮೆಮೊರಿಗೆ ಬೇಕಾದುದು 2 ಮೈಕ್ರೊಸೆಕೆಂಡ್. ಡ್ರಮ್ ಒಂದು ಸುತ್ತು ತಿರುಗಲು 12 ಮಿಲಿಸೆಕೆಂಡ್. ಅಂದರೆ ಸರಾಸರಿ 6 ಮಿಲಿಸೆಕೆಂಡ್ ಕಾಯಬೇಕು. ಎರಡರ ಅಂತರ 3,000 ಪಟ್ಟು. ಒಂದೇ ಯಂತ್ರದಲ್ಲಿ ಹಲವು ಕೆಲಸಗಳನ್ನು ತುಂಬಿದಾಗ ವಿಚಿತ್ರವೊಂದು ಕಂಡುಬಂತು. ಯಂತ್ರ ಪುಟಗಳನ್ನು ತರುವುದರಲ್ಲಿ, ಕಳಿಸುವುದರಲ್ಲೇ ಮುಳುಗಿ, ಅಸಲು ಕೆಲಸ ನಿಂತೇಹೋಗುತ್ತಿತ್ತು. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಇದರ ಕಾರಣ ವಿವರಿಸಿದರು. ಪ್ರತಿ ಕೆಲಸಕ್ಕೂ ಆಯಾ ಹೊತ್ತಿಗೆ ಕೈಯಳತೆಯಲ್ಲೇ ಇರಬೇಕಾದ ಪುಟಗಳ ಗುಂಪೊಂದು ಇರುತ್ತದೆ. ಆ ಗುಂಪು ಮೆಮೊರಿಯಲ್ಲಿ ಹಿಡಿಸದಿದ್ದರೆ ಕೆಲಸ ಸಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಂಪ್ಯೂಟರಿಗೂ ಸಲ್ಲುತ್ತದೆ!

ಮುಂದೆ ಮೆಮೊರಿ ಚಿಪ್‌ಗಳ ವೇಗ ಹೆಚ್ಚುತ್ತ ಹೋಯಿತು. ತಿರುಗುವ ಹಾರ್ಡ್‌ಡಿಸ್ಕ್ ಮಾತ್ರ ಯಾಂತ್ರಿಕ ಮಿತಿಯಲ್ಲೇ ಉಳಿಯಿತು. ಅಂತರ ಸುಮಾರು ಲಕ್ಷ ಪಟ್ಟಾಯಿತು. ಇದನ್ನು ತಗ್ಗಿಸಿದ್ದು ಫ್ಲಾಶ್ ಮೆಮೊರಿ. ಜಪಾನಿನ ತೊಷಿಬಾ ಕಂಪೆನಿಯ ಫುಜಿಯೊ ಮಸುವೊಕ 1987ರಲ್ಲಿ ಜಗತ್ತಿನ ಮುಂದಿಟ್ಟ ನ್ಯಾಂಡ್ ಫ್ಲಾಶ್‌ನಿಂದಲೇ ಇಂದಿನ ಎಸ್‌ಎಸ್‌ಡಿಗಳು ಬಂದಿವೆ. ಇವುಗಳಲ್ಲಿ ತಿರುಗುವ ಭಾಗವೇ ಇಲ್ಲ. ಮೆಮೊರಿಗೂ ಇವಕ್ಕೂ ಇರುವ ಅಂತರ ಈಗ ಸ್ಥೂಲವಾಗಿ ಸಾವಿರ ಪಟ್ಟು. ಅಟ್ಲಾಸ್ ಕಾಲಕ್ಕಿಂತಲೂ ಕಡಿಮೆ.

ಹಾಗಾದರೆ ಆ ಮಾತು ನಿಜವೇ? ಅರ್ಧ ನಿಜ. ಸಾವಿರ ಸಲದಲ್ಲಿ ಒಂದು ಸಲ ಮಾತ್ರ ಮೆಮೊರಿಯಲ್ಲಿ ಮಾಹಿತಿ ಸಿಗಲಿಲ್ಲವೆನ್ನಿ. ಹಾರ್ಡ್‌ಡಿಸ್ಕ್ ಇದ್ದರೆ ಸರಾಸರಿ ವೇಗ ನೂರು ಪಟ್ಟು ಕುಸಿಯುತ್ತದೆ. ಎಸ್‌ಎಸ್‌ಡಿ ಇದ್ದರೆ ಅರ್ಧಕ್ಕೆ ಇಳಿಯುತ್ತದೆ. ಪರದಾಟ ಸಹ್ಯವಾಗುತ್ತದೆ, ಕೊರತೆ ನೀಗುವುದಿಲ್ಲ. ನೂರರಲ್ಲಿ ಒಂದು ಸಲ ಸಿಗದಿದ್ದರೆ ಎಸ್‌ಎಸ್‌ಡಿ ಇದ್ದರೂ ವೇಗ ಹತ್ತು ಪಟ್ಟಿಗೂ ಹೆಚ್ಚು ಕುಸಿಯುತ್ತದೆ. ಮೇಲಾಗಿ ಫ್ಲಾಶ್ ಚಿಪ್ಪು ಬರೆದಷ್ಟೂ ಸವೆಯುತ್ತದೆ.

ಎರಡರ ನಡುವಿನ ಕಂದಕವನ್ನೇ ಮುಚ್ಚುವ ಯತ್ನವೂ ನಡೆಯಿತು. ಇಂಟೆಲ್ ಮತ್ತು ಮೈಕ್ರಾನ್ 2015ರಲ್ಲಿ ಪ್ರಕಟಿಸಿದ ತಂತ್ರವನ್ನು ಇಂಟೆಲ್ ‘ಆಪ್ಟೇನ್’ ಹೆಸರಿನಲ್ಲಿ ಮಾರಿತು. 2022ರಲ್ಲಿ ಆ ವ್ಯವಹಾರ ಮುಚ್ಚುವುದಾಗಿ ಹೇಳಿತು.

ಇಂದಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಯೇ ಕೊಡುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಆದ್ದರಿಂದ ಕೊಳ್ಳುವವರು ಎಸ್‌ಎಸ್‌ಡಿಯ ವೇಗ ಕೇಳುವ ಮೊದಲು, ತಾವು ಒಮ್ಮೆಗೆ ತೆರೆದಿಡುವ ಕೆಲಸಗಳಿಗೆ ಎಷ್ಟು ಮೆಮೊರಿ ಬೇಕೆಂದು ಲೆಕ್ಕ ಹಾಕುವುದು ಲೇಸು.