ನೋಟ ಮತ್ತು ನೋಂದಣಿ: 1871ರ ಕಾಯಿದೆಯಲ್ಲಿ ಲಿಂಗನಿರ್ಣಯದ ಪ್ರಶ್ನೆ

1871ರ ಅಕ್ಟೋಬರ್ 12ರಂದು ಬ್ರಿಟಿಷ್ ಭಾರತದಲ್ಲಿ ಅಂಗೀಕೃತವಾದ ಇಪ್ಪತ್ತೇಳನೆಯ ಕಾಯಿದೆಯು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಎಂಬ ಹೆಸರಿನಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅದರ ಮೊದಲನೆಯ ಭಾಗವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಎರಡನೆಯ ಭಾಗವಾದರೋ ಯಾವ ಬುಡಕಟ್ಟಿಗೂ ಸೇರಿದುದಲ್ಲ. ಶಾಸನವು ‘ಯೂನಕ್’ ಎಂದು ಕರೆದ ಜನರಿಗೆ, ಮುಖ್ಯವಾಗಿ ಉತ್ತರ ಭಾರತದ ಹಿಜ್ರಾ ಸಮುದಾಯಕ್ಕೆ, ಸಂಬಂಧಿಸಿದುದು. ಇದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಆದರೆ ಮನುಷ್ಯರ ಲಿಂಗವನ್ನು ಸರ್ಕಾರವು ಯಾವ ಆಧಾರದಿಂದ ನಿಶ್ಚಯಿಸಬಲ್ಲುದು ಎಂಬ ಪ್ರಶ್ನೆಯನ್ನು ಪರಿಶೀಲಿಸಬಯಸುವವರಿಗೆ ಈ ಕೆಲವು ಪ್ರಕರಣಗಳಷ್ಟು ಉಪಯುಕ್ತವಾದ ಆಕರ ವಿರಳ.

ಕಾಯಿದೆಯ ಮಾತುಗಳನ್ನೇ ಗಮನಿಸೋಣ. 24ನೆಯ ಪ್ರಕರಣದ ಪ್ರಕಾರ, ಮಕ್ಕಳನ್ನು ಅಪಹರಿಸುವ ಅಥವಾ ಬೀಜಹರಣ ಮಾಡುವ, ಇಲ್ಲವೆ ದಂಡಸಂಹಿತೆಯ 377ನೆಯ ಪ್ರಕರಣದ ಅಪರಾಧವನ್ನು ಎಸಗುವ ಸಂಶಯಕ್ಕೆ ಒಳಗಾದ ‘ಯೂನಕ್’ರ ಹೆಸರು ಮತ್ತು ವಾಸಸ್ಥಳಗಳ ಪಟ್ಟಿಯನ್ನು ಇಡತಕ್ಕದ್ದು. ಸಂಶಯವಿದ್ದರೆ ಸಾಕು, ಅಪರಾಧ ರುಜುವಾತಾಗಬೇಕಿಲ್ಲ. ‘ಯೂನಕ್’ ಎಂದರೆ ಯಾರು? ತಾನು ನಪುಂಸಕನೆಂದು ಸ್ವತಃ ಒಪ್ಪಿಕೊಳ್ಳುವ, ಅಥವಾ ವೈದ್ಯಕೀಯ ಪರೀಕ್ಷೆಯಿಂದ ಹಾಗೆಂದು ಸ್ಪಷ್ಟವಾಗಿ ತೋರುವ ಪುರುಷ. ಹೀಗೆ ಲಕ್ಷಣವನ್ನು ದೇಹದಲ್ಲಿ ಇರಿಸಿದ ಶಾಸನವು ದಂಡನೆಯನ್ನು ಉಡುಪಿನ ಮೇಲೆ ಇರಿಸಿತು. ಪಟ್ಟಿಯಲ್ಲಿರುವ ವ್ಯಕ್ತಿಯು ಸ್ತ್ರೀವೇಷದಿಂದ ಬೀದಿಯಲ್ಲಿ ಕಾಣಿಸಿಕೊಂಡರೆ, ಅಥವಾ ಸಾರ್ವಜನಿಕವಾಗಿ ಕುಣಿದರೆ ಇಲ್ಲವೆ ವಾದ್ಯ ನುಡಿಸಿದರೆ, ವಾರಂಟಿಲ್ಲದೆಯೇ ಬಂಧಿಸಬಹುದಾಗಿತ್ತು. ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಅಂದರೆ ಒಬ್ಬರು ಯಾರೆಂಬುದನ್ನು ಹೇಳಬೇಕಾದವನು ವೈದ್ಯ, ಹಿಡಿಯಬೇಕಾದವನು ಪೇದೆ. ವೈದ್ಯನಿಗೆ ಕಾಣುವುದು ಪೇದೆಗೆ ಕಾಣದು. ಪೇದೆಯ ಕಣ್ಣಿಗೆ ಬೀಳುವುದು ಸೀರೆ, ಬಳೆ, ನಡಿಗೆ, ಇಷ್ಟೆ. ಈ ಎರಡು ನೋಟಗಳು ಒಂದನ್ನೊಂದು ಸಂಧಿಸಲೇ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಉಳಿದ ನಿಬಂಧನೆಗಳು ಇನ್ನೂ ದೂರ ಹೋಗುತ್ತವೆ. ಹದಿನಾರು ವರ್ಷಕ್ಕೆ ಕೆಳಗಿನ ಬಾಲಕನನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಅಪರಾಧವಾಯಿತು. ನೋಂದಾಯಿತರು ದತ್ತು ಸ್ವೀಕರಿಸುವಂತಿಲ್ಲ, ದಾನಪತ್ರ ಬರೆಯುವಂತಿಲ್ಲ, ಮರಣಶಾಸನ ಮಾಡುವಂತಿಲ್ಲ. ಹಿಜ್ರಾ ಮನೆತನವು ಗುರುವಿನಿಂದ ಶಿಷ್ಯರಿಗೆ ಸಾಗಿಬರುವ ಮನೆತನ. ಅಲ್ಲಿ ಸಂತಾನದ ಸ್ಥಾನದಲ್ಲಿರುವುದು ಶಿಷ್ಯತ್ವ. ಆಸ್ತಿ ಮತ್ತು ದತ್ತುಗಳ ಮೇಲಿನ ನಿರ್ಬಂಧವು ಈ ಪರಂಪರೆಯ ಬೇರಿಗೇ ಬಿದ್ದ ಏಟು. ವಾಯವ್ಯ ಪ್ರಾಂತಗಳ ಅಧಿಕಾರಿಗಳಿಗೆ ಈ ಸಮುದಾಯವು ಕಾಲಕ್ರಮದಲ್ಲಿ ಅಳಿದುಹೋಗಬೇಕೆಂಬ ಉದ್ದೇಶವೇ ಇದ್ದಿತೆಂಬುದನ್ನು ಜೆಸಿಕಾ ಹಿಂಚಿಯವರು 2019ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸರ್ಕಾರಿ ದಾಖಲೆಗಳಿಂದಲೇ ತೋರಿಸಿಕೊಟ್ಟಿದ್ದಾರೆ. ಇದಕ್ಕೆ ಹಿಂದೆ ಮರಾಠರ ಆಳ್ವಿಕೆಯ ಸೀಮೆಗಳಲ್ಲಿ ಇದೇ ಜನರಿಗೆ ಸನದುಗಳ ಮೂಲಕ ಸಣ್ಣ ಹಕ್ಕುಬಾಧ್ಯತೆಗಳು ದೊರೆತಿದ್ದುವೆಂಬುದನ್ನು ನೆನೆದರೆ ವ್ಯತ್ಯಾಸವು ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಭಾಷೆಯನ್ನು ಕುರಿತು ಒಂದು ಮಾತು. ಇಂಗ್ಲಿಷ್ ಶಾಸನಕ್ಕೆ ‘ಅವನು’ ಎಂಬುದನ್ನು ಬಿಟ್ಟು ಗತಿಯಿರಲಿಲ್ಲ. ಕನ್ನಡದ ‘ಅವರು’ ಆಗಿದ್ದರೆ ಗುಮಾಸ್ತನ ಕಷ್ಟ ಎಷ್ಟೋ ಕಡಮೆಯಾಗುತ್ತಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಿಂಗವನ್ನು ಒಂಬತ್ತು ಬಗೆಯಾಗಿ ಎಣಿಸಿದ್ದಾನೆಂಬುದು ನಿಜ. ಆದರೆ ಅವು ಶಬ್ದಗಳ ಲಿಂಗಗಳೇ ಹೊರತು ಮನುಷ್ಯರವಲ್ಲ. ಹಿಂದಿನ ಸಮಾಜದ ಔದಾರ್ಯಕ್ಕೆ ಅದನ್ನು ಸಾಕ್ಷಿಯಾಗಿ ಎಳೆದುತರುವುದು, ಎಷ್ಟು ಆಕರ್ಷಕವಾಗಿ ಕಂಡರೂ, ಸಲ್ಲದು.

ಶಾಸನದ ಒಳಗಿದ್ದ ಸಂಶಯದ ದೃಷ್ಟಿಯು ನ್ಯಾಯಾಲಯದಲ್ಲಿ ಹೇಗೆ ಕೆಲಸ ಮಾಡಿತೆಂಬುದಕ್ಕೆ 1884ರ ಖೈರಾತಿ ಮೊಕದ್ದಮೆ ಉತ್ತಮ ನಿದರ್ಶನ. ಖೈರಾತಿ ಎಂಬ ವ್ಯಕ್ತಿಯು ಸ್ತ್ರೀವೇಷದಲ್ಲಿ ಒಂದು ಕುಟುಂಬದ ಹೆಂಗಸರ ನಡುವೆ ಹಾಡುತ್ತಿದ್ದುದನ್ನು ಕಂಡು ಪೊಲೀಸರು ಬಂಧಿಸಿದರು. ಆ ಮನೆಯ ಹೆಂಗಸರಿಗೆ ಅಸಹಜವಾಗಿ ಕಾಣದಿದ್ದುದು ಸರ್ಕಾರಕ್ಕೆ ಅಪರಾಧದ ಕುರುಹಾಗಿ ಕಂಡಿತು. ವೈದ್ಯಕೀಯ ಪರೀಕ್ಷೆ ನಡೆಯಿತು. ದೇಹದ ಮೇಲಿನ ಕೆಲವು ಚಿಹ್ನೆಗಳೂ ಸ್ತ್ರೀವೇಷದ ಅಭ್ಯಾಸವೂ ಕೂಡಿ, ಮೊರಾದಾಬಾದಿನ ನ್ಯಾಯಾಧೀಶರು 377ನೆಯ ಪ್ರಕರಣದ ಮೇರೆಗೆ ಶಿಕ್ಷೆ ವಿಧಿಸಿದರು. ಕೃತ್ಯ ನಡೆದುದು ಎಂದು, ಎಲ್ಲಿ, ಯಾರೊಡನೆ ಎಂಬುದೊಂದೂ ದೋಷಾರೋಪಣೆಯಲ್ಲಿ ಇರಲಿಲ್ಲ. ಅಲಹಾಬಾದಿನ ಉಚ್ಚ ನ್ಯಾಯಾಲಯವು ಈ ಕಾರಣದಿಂದಲೇ ಶಿಕ್ಷೆಯನ್ನು ರದ್ದುಗೊಳಿಸಿತು. ಆದರೆ ಇಂಥ ಆಚರಣೆಗಳನ್ನು ತಡೆಯಬೇಕೆಂಬ ಸ್ಥಳೀಯ ಅಧಿಕಾರಿಗಳ ಬಯಕೆಯನ್ನು ಅದೇ ತೀರ್ಪಿನಲ್ಲಿ ಮೆಚ್ಚಿಕೊಂಡಿತು ಕೂಡ. ಬಿಡುಗಡೆಯು ಸಾಕ್ಷ್ಯದ ಕೊರತೆಯಿಂದ ಬಂದುದು. ಖೈರಾತಿಗೆ ಹಾಗೆ ಬದುಕುವ ಹಕ್ಕು ಉಂಟೆಂಬ ಭಾವನೆಯಿಂದಲ್ಲ.

ಕನ್ನಡನಾಡಿಗೂ ಈ ಕಥೆಗೂ ನೇರವಾದ ನಂಟಿದೆ. ಫಸಲಿ 1329ರಲ್ಲಿ, ಎಂದರೆ 1919ರಲ್ಲಿ, ನಿಜಾಮ ಸರ್ಕಾರವು 1871ರ ಮಾದರಿಯ ಕಾಯಿದೆಯೊಂದನ್ನು ತನ್ನ ರಾಜ್ಯದಲ್ಲಿ ಜಾರಿಗೆ ತಂದಿತು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಆ ರಾಜ್ಯಕ್ಕೇ ಸೇರಿದ್ದುವು. ತೆಲಂಗಾಣ ಪ್ರದೇಶದಲ್ಲಿ ಈ ಶಾಸನವು ಉಳಿದುಬಂದು, 2023ರ ಜುಲೈಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನವಿರುದ್ಧವೆಂದು ತೊಡೆದುಹಾಕಿತು.

ಇದಕ್ಕಿಂತ ಆಶ್ಚರ್ಯಕರವಾದುದು 2011ರ ಸಂಗತಿ. ಆ ವರ್ಷ 1963ರ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಪ್ರಕರಣವು ಸೇರಿತು. ಬಾಲಕರ ಅಪಹರಣ ಮೊದಲಾದವುಗಳ ಸಂಶಯವಿರುವ ‘ಯೂನಕ್’ರ ಹೆಸರು ಮತ್ತು ವಾಸಸ್ಥಳಗಳ ಪಟ್ಟಿಯನ್ನು ಇಡಿಸುವ ಅಧಿಕಾರವನ್ನು ಅದು ಪೊಲೀಸ್ ಕಮಿಷನರಿಗೆ ನೀಡಿತು. ನೂರನಲವತ್ತು ವರ್ಷಗಳ ಹಿಂದಿನ ವಾಕ್ಯವೇ ಬಹುಮಟ್ಟಿಗೆ ಮರಳಿ ಬಂದಿರುವುದನ್ನು ಎರಡು ಪಾಠಗಳನ್ನು ಪಕ್ಕದಲ್ಲಿಟ್ಟು ಓದಿದವರು ಒಡನೆಯೇ ಕಾಣಬಲ್ಲರು. ಅದೇ 2011ರ ಜನಗಣತಿಯಲ್ಲಿ ಗಂಡು, ಹೆಣ್ಣುಗಳಲ್ಲದೆ ‘ಇತರ’ ಎಂಬ ಮೂರನೆಯ ಸಂಕೇತಕ್ಕೆ ಎಡೆ ದೊರೆಯಿತು. ದೇಶದಲ್ಲಿ 4,87,803 ಮಂದಿಯೂ ಕರ್ನಾಟಕದಲ್ಲಿ 20,266 ಮಂದಿಯೂ ಅದರಡಿ ಎಣಿಕೆಯಾದರು. ಒಂದು ಪಟ್ಟಿಗೆ ಆಧಾರ ಮನೆಯವರು ಕೊಟ್ಟ ಉತ್ತರ. ಇನ್ನೊಂದಕ್ಕೆ ಪೊಲೀಸರ ಸಂಶಯ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ದೇಹಪರೀಕ್ಷೆಯನ್ನು ಬದಿಗಿರಿಸಿ, ವ್ಯಕ್ತಿಯ ಸ್ವಂತ ಅರಿವನ್ನೇ ಪ್ರಮಾಣವೆಂದು ಸ್ವೀಕರಿಸಿತು. ಅನಂತರ ಕರ್ನಾಟಕದ ಪ್ರಕರಣದಿಂದ ‘ಯೂನಕ್’ ಪದವನ್ನು ತೆಗೆದು ‘ವ್ಯಕ್ತಿ’ಯೆಂಬರ್ಥದ ಪದವನ್ನು ಹಾಕಲಾಯಿತು, ಪ್ರಕರಣವನ್ನೇ ತೆಗೆಯಲಿಲ್ಲ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಗುರುತಿನ ಪ್ರಮಾಣಪತ್ರಕ್ಕಾಗಿ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕೆಂದಿತು. ಗಂಡು ಅಥವಾ ಹೆಣ್ಣು ಎಂದೇ ನಮೂದಾಗಬೇಕೆನ್ನುವವರು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ವೈದ್ಯಾಧಿಕಾರಿಯ ಪತ್ರವನ್ನೂ ತರಬೇಕೆಂಬ ವಿಧಿ ಅದರ 7ನೆಯ ಪ್ರಕರಣದಲ್ಲಿ ಇದ್ದಿತು.