ಕುಳ್ಳಿನಿಂದ ಬಿಳಿ ಕಲ್ಲಿದ್ದಲಿನವರೆಗೆ: ನಮ್ಮ ಭಾಗದ ಉರುವಲಿನ ಇತಿಹಾಸ

ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ನಮಗೆ ಅಪ್ಪಣೆ ಮಾಡಿದರು. ಕಿತ್ತೂರ ರಾಣಿ ಚನ್ನಮ್ಮಾಜಿ, ಸಂಗೊಳ್ಳಿ ರಾಯಣ್ಣ, ಸವದತ್ತಿ ಯಲ್ಲಮ್ಮ ಇವರ ಬಗ್ಗೆ ಬರೆಯಲು ನಮಗಿಂತ ಓದಿದವರು ಬಹಳ ಮಂದಿ ಇದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದ ನಾವು ಒಲೆಯ ಇತಿಹಾಸ ಬರೀತೇವಿ ಎಂದಾಗ ಕೆಲವು ಹಿರಿಯರು ನಕ್ಕರು. ಆದರೆ ಕಳೆದ ಎರಡು ವರ್ಷಗಳಿಂದ ನಮ್ಮ ಆಡಳಿತ ಮಂಡಳಿಯ ಸಭೆಗಳಲ್ಲಿ ಸಾಲ ವಸೂಲಿಗಿಂತ ಹೆಚ್ಚು ಚರ್ಚೆಗೆ ಬಂದ ವಿಷಯ ಯಾವುದೆಂದರೆ ಉರುವಲು. ಹೊಲದಾಗ ಉಳಿಯುವ ಹತ್ತಿಕಟಗಿ, ರವದಿ, ಶೇಂಗಾ ಸಿಪ್ಪಿ ಇವನ್ನು ಒತ್ತಿ ಕಾರ್ಖಾನೆಯ ಬಾಯ್ಲರಿಗೆ ಮಾರುವ ಯಂತ್ರ ಹಾಕಬೇಕೋ ಬ್ಯಾಡೋ, ಹಾಕಿದರೆ ಯಾವ ನಮೂನಿಯದು ಹಾಕಬೇಕು ಎಂಬುದೇ ಆ ಚರ್ಚೆ. ಸಂಘದ ಕಾಯ್ದಿಟ್ಟ ನಿಧಿಯನ್ನು ಮುಟ್ಟುವ ಮಾತಾದ್ದರಿಂದ ಸದಸ್ಯ ಬಾಂಧವರಿಗೆ ಪೂರಾ ಸಂಗತಿ ತಿಳಿದಿರಲಿ ಎಂದು ಬರೆಯುತ್ತಿದ್ದೇವೆ.

ಹಿಂದಿನ ಕಾಲದಲ್ಲಿ ಉರುವಲು ಮಾರುವ ಸರಕಾಗಿರಲಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕರಿಮಣ್ಣಿನ ಸೀಮೆಯಲ್ಲಿ ಗಿಡ ಮರ ಕಡಿಮೆ. ಕಿತ್ತೂರ ಕಡೆಗೆ ಹೋದರೆ ಮಲೆನಾಡಿನ ಸೆರಗು ಸಿಗುತ್ತದೆ, ಭತ್ತದ ಗದ್ದೆ, ಅಡವಿ ಕಟ್ಟಿಗೆ ಅಲ್ಲಿ ಉಂಟು. ಉಳಿದ ಕಡೆ ಮನೆಯ ಒಲೆಗೆ ಕುಳ್ಳು, ಹತ್ತಿಕಟಗಿ, ತೊಗರಿಕಟಗಿ. ನಮ್ಮ ತಾಯಂದಿರು ಗೋಡೆಗೆ ಬಡಿದ ಕುಳ್ಳಿನ ಮೇಲೆ ಐದು ಬೆರಳಿನ ಗುರುತು ಇರುತ್ತಿತ್ತು. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂಡಿ ಹೂಡಿಕೊಂಡು ಹೋಗುವವರು ಅಕ್ಕಿ ಬೇಳೆ ಸಂಗಡ ಕಟ್ಟಿಗೆಯನ್ನೂ ಹೇರಿಕೊಂಡೇ ಹೋಗುತ್ತಿದ್ದರು. ಈಗಿನವರು ಬಿಳಿ ಕಲ್ಲಿದ್ದಲು ಅಂದರೆ ಹೊಸ ವಿದ್ಯೆ ಅಂತ ತಿಳೀತಾರ. ಹಸಿದನ್ನು ಒತ್ತಿ ಒಣಗಿಸಿ ಒಟ್ಟಿ ಇಡುವ ವಿದ್ಯೆ ನಮ್ಮ ಹಿತ್ತಲಿನಲ್ಲೇ ಇತ್ತು, ಅದಕ್ಕೆ ಪೇಟೆ ಇರಲಿಲ್ಲ ಅಷ್ಟೆ.

ಬೆಲ್ಲದ ಗಾಣದಲ್ಲಿಯೂ ಹಾಗೆಯೇ. ಕಬ್ಬು ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು ಎರಡು ಮೂರು ದಿನ ಬಿಸಿಲಿಗೆ ಹರವಿ, ಅದನ್ನೇ ಕೊಪ್ಪರಿಗೆಯ ಕೆಳಗೆ ಹಾಕುತ್ತಿದ್ದರು. ಹಸಿ ಸಿಪ್ಪೆ ಹಾಕಿದರೆ ಹೊಗೆ ಬರುತ್ತದೆ, ಪಾಕ ಏಳುವುದಿಲ್ಲ. ಇದು ಗಾಣದ ಮುಂದೆ ಕೂತ ಹುಡುಗನಿಗೂ ಗೊತ್ತಿದ್ದ ಮಾತು. ಇವತ್ತು ಬಾಯ್ಲರ್ ಎಂಜಿನಿಯರರು ಹೇಳುವುದೂ ಇದನ್ನೇ. ಕಾರ್ಖಾನೆಯ ರೋಲರಿನಿಂದ ಹೊರಬಿದ್ದ ಬಗ್ಯಾಸಿನಲ್ಲಿ ಅರ್ಧಕ್ಕರ್ಧ ನೀರು, ಅದಕ್ಕೆ ಕಿಲೋಗೆ ಸುಮಾರು 2000 ಕಿಲೋಕ್ಯಾಲರಿ ಶಾಖ ಮಾತ್ರ. ಚೆನ್ನಾಗಿ ಒಣಗಿದ ಕೃಷಿ ಕಸಕ್ಕೆ ಸುಮಾರು 4000.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಯಂತ್ರ ತಿರುಗಿದ್ದು ಮೊದಲು ನೀರಿನಿಂದ. ಗೋಕಾಕ ಮಿಲ್ಲು 1880ರ ದಶಕದಲ್ಲಿ ಘಟಪ್ರಭೆಯ ಜಲಪಾತವನ್ನು ನಂಬಿ ಹುಟ್ಟಿತು. ನಮ್ಮ ನಾಲ್ಕು ತಾಲೂಕುಗಳಿಗೆ ಅಂಥ ದಬದಬೆ ಇಲ್ಲ, ನಾವು ಬೆಂಕಿಯನ್ನೇ ನಂಬಬೇಕಾಯಿತು. 1972ರಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಆಯಿತು, ಮುಂದೆ ನದಿ ದಂಡೆಗೆ, ಬೋರಿನ ಕೆಳಗೆ ಕಬ್ಬು ಹೆಚ್ಚಿತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ರೈತರ ಶೇರಿನಿಂದ ಬೆಳೆಯಿತು. 1990ರ ದಶಕದ ಕೊನೆಗೆ ಆಂಧ್ರದ ಹಿಂದೂಪುರದಲ್ಲಿದ್ದ ಒಂದು ಸಕ್ಕರೆ ಕಾರ್ಖಾನೆಯನ್ನು ಬಿಚ್ಚಿ ತಂದು ಮುನವಳ್ಳಿಯಲ್ಲಿ ಜೋಡಿಸಿದರು, ಅದೇ ರೇಣುಕಾ ಶುಗರ್ಸ್. ಒಂದು ಟನ್ ಕಬ್ಬಿಗೆ ಸುಮಾರು 280ರಿಂದ 300 ಕಿಲೋ ಬಗ್ಯಾಸ್ ಬರುತ್ತದೆ. ಅದರಿಂದ ಕಾರ್ಖಾನೆ ನಡೆದು, ಉಳಿದದ್ದರಿಂದ ಕರೆಂಟು ಮಾಡಿ ಮಾರುವ ಕಾಲ ಬಂತು. ಕಬ್ಬು ತೂಗುವಾಗ ಸಿಪ್ಪೆಗೂ ಸೇರಿಸಿಯೇ ತೂಗುತ್ತೇವೆ, ಆ ಸಿಪ್ಪೆ ಬೆಳಕಾದ ಮೇಲೆ ಅದರ ಲೆಕ್ಕ ರೈತನಿಗೆ ಎಷ್ಟು ಬಂತು ಎಂಬುದು ಬೇರೆ ಲೇಖನದ ವಿಷಯ, ಇಲ್ಲಿಗೆ ಬಿಡುತ್ತೇವೆ.

ಹತ್ತಿಯ ಕಥೆ ಇನ್ನೊಂದು. ಬೈಲಹೊಂಗಲದ ಪೇಟೆ ಹತ್ತಿಗೆ ಹೆಸರಾದದ್ದು. ಹಳೆಯ ಜಯಧರ ಹತ್ತಿಯ ಕಟಗಿ ಸಣ್ಣದು, ತಟ್ಟಿ ಹೆಣೆಯಲು, ಒಲೆಗೆ ಸರಿಹೋಗುತ್ತಿತ್ತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು, 1981ರಲ್ಲಿ ಡಿಸಿಎಚ್-32 ಬಂತು, 2002ರಿಂದ ಬಿಟಿ. ಕಟಗಿ ಹೆಬ್ಬೆರಳಿಗಿಂತ ದಪ್ಪವಾಯಿತು. ಅದೇ ಹೊತ್ತಿಗೆ ಮನೆಗಳಲ್ಲಿ ಗ್ಯಾಸು ಬಂತು. ಹಂಗಾಗಿ ಕಟಗಿ ಬದುವಿನ ಮೇಲೆ ಉಳಿಯಿತು, ಬೆಂಕಿ ಹಚ್ಚುವುದು ರೂಢಿಯಾಯಿತು.

ಇನ್ನು ಒತ್ತಿದ ಉರುವಲಿನ ವಿಷಯಕ್ಕೆ ಬರುತ್ತೇವೆ. 1880ರಲ್ಲೇ ಅಮೆರಿಕದ ಷಿಕಾಗೋದ ವಿಲಿಯಂ ಸ್ಮಿತ್ ಎಂಬವರು ಮರದ ಹೊಟ್ಟನ್ನು ಬಿಸಿ ಮಾಡಿ ಒತ್ತುವ ಪದ್ಧತಿಗೆ ಪೇಟೆಂಟ್ ಪಡೆದಿದ್ದರು. ಎಣ್ಣೆಯ ಬೆಲೆ 1973ರಲ್ಲಿ, ಮತ್ತೆ 1979ರಲ್ಲಿ ಏರಿದಾಗ ಜಗತ್ತಿಗೆ ಈ ವಿದ್ಯೆ ನೆನಪಾಯಿತು. ನಮ್ಮ ದೇಶದಲ್ಲಿ 1980ರ ದಶಕದಿಂದ ಬಂತು, 1987ರಲ್ಲಿ ಹುಟ್ಟಿದ ಇರೆಡಾ ಸಂಸ್ಥೆ ಇಂಥ ಘಟಕಗಳಿಗೆ ಸಾಲ ಕೊಟ್ಟಿತು. ಯಂತ್ರಗಳು ಹೆಚ್ಚಾಗಿ ಗುಜರಾತಿನ ರಾಜಕೋಟ ಕಡೆಯಿಂದ ಬರುತ್ತವೆ. ವ್ಯಾಪಾರಿಗಳು ಇದಕ್ಕೆ ವೈಟ್ ಕೋಲ್, ಅಂದರೆ ಬಿಳಿ ಕಲ್ಲಿದ್ದಲು ಎಂದು ಹೆಸರಿಟ್ಟರು. ಬಣ್ಣ ಮಾತ್ರ ಕಂದು.

ಇದರಲ್ಲಿ ಮೂರು ನಮೂನೆ. ಪಿಸ್ಟನ್ ಪ್ರೆಸ್ ಎಂಬುದು ದೊಡ್ಡ ಗಾಲಿ ತಿರುಗಿ ಸುತ್ತಿಗೆಯಂತೆ ಹೊಡೆದು, ಚೂರು ಮಾಡಿದ ಕಟಗಿಯನ್ನು ಕಿರಿದಾದ ಅಚ್ಚಿನೊಳಗೆ ತಳ್ಳುತ್ತದೆ. ತಿಕ್ಕಾಟದ ಬಿಸಿಗೆ ಕಟಗಿಯೊಳಗಿನ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ, ಬೇರೆ ಯಾವ ಅಂಟೂ ಹಾಕದೆ ತಾನೇ ಗಟ್ಟಿಯಾಗುತ್ತದೆ. 90 ಎಂ.ಎಂ. ಅಥವಾ ಅದಕ್ಕಿಂತ ಸಣ್ಣ ದಿಂಡು ಹೊರಬರುತ್ತದೆ. ಎರಡನೆಯದು ಸ್ಕ್ರೂ ಪ್ರೆಸ್. ಇದರ ದಿಂಡಿಗೆ ನಡುವೆ ತೂತು ಇರುತ್ತದೆ, ಹೊರಮೈ ಕಪ್ಪಗೆ ಸುಟ್ಟಿರುತ್ತದೆ, ಉರಿ ಚಲೋ ಹಿಡಿಯುತ್ತದೆ. ಆದರೆ ಸ್ಕ್ರೂ ಬೇಗ ಸವೆಯುತ್ತದೆ, ಮತ್ತೆ ಮತ್ತೆ ವೆಲ್ಡಿಂಗ್ ಮಾಡಿಸಬೇಕು. ಮೂರನೆಯದು ಪೆಲೆಟ್, ಅಂದರೆ 6, 8 ಅಥವಾ 10 ಎಂ.ಎಂ. ದಪ್ಪದ ಗುಳಿಗೆ, ದನದ ಹಿಂಡಿ ಗುಳಿಗೆ ಇದ್ದ ಹಾಗೆ. ಇದಕ್ಕೆ ಕಸವನ್ನು ಹಿಟ್ಟಿನ ಹತ್ತಿರ ಬರುವಷ್ಟು ಸಣ್ಣ ಮಾಡಬೇಕು, ಕರೆಂಟು ಹೆಚ್ಚು ಬೇಕು, ತಯಾರಿಕೆಯ ಖರ್ಚೂ ಹೆಚ್ಚು.

ಮೂರಕ್ಕೂ ಬೇಕಾದದ್ದು ಒಣ ಮಾಲು, ತೇವ ನೂರಕ್ಕೆ 10-12ರ ಆಸುಪಾಸು. ಹೊಲದಾಗ ಬಿಡಿ ಕಟಗಿ ಒಂದು ಘನ ಮೀಟರಿಗೆ 100 ಕಿಲೋ ಸಹ ತೂಗುವುದಿಲ್ಲ, ಟ್ರ್ಯಾಲಿ ತುಂಬಿದರೂ ನಾವು ಒಯ್ಯುವುದು ಗಾಳಿಯನ್ನೇ. ಒತ್ತಿದ ಮೇಲೆ ಅದೇ ಜಾಗದಲ್ಲಿ 600 ಕಿಲೋ ಮೀರಿ ಹಿಡಿಸುತ್ತದೆ. ಎಲ್ಲಾ ಲಾಭ ಇರುವುದು ಇಲ್ಲೇ.

ಹಾಗಾದರೆ ಕೊಳ್ಳುವ ಕಾರ್ಖಾನೆಯವರು ಯಾವುದನ್ನು ಆರಿಸುತ್ತಾರೆ? ಇದನ್ನು ತಿಳಿಯಲು ನಾವು ನಿರ್ದೇಶಕರು ಮೂವರು ಹೋಗಿ ಎರಡು ಬಾಯ್ಲರು ನೋಡಿ ಬಂದೆವು. ಹಾಲಿನ ಡೇರಿ, ಸಾಲ್ವೆಂಟ್ ಎಣ್ಣೆ ಘಟಕ, ನೂಲಿಗೆ ಬಣ್ಣ ಹಾಕುವವರು, ಇಂಥಲ್ಲಿ ಕೈಯಿಂದ ಉರುವಲು ಹಾಕುವ ಜಾಳಿಗೆಯ ಬಾಯ್ಲರು ಇದ್ದರೆ ದಪ್ಪ ದಿಂಡು ಸಾಕು, ಅದು ನಿಧಾನಕ್ಕೆ ಉರಿಯುತ್ತದೆ, ಅಗ್ಗವೂ ಹೌದು. ಯಂತ್ರವೇ ತಾನಾಗಿ ಉರುವಲು ತಳ್ಳುವ ಬಾಯ್ಲರಿಗೆ ದಿಂಡು ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ಗುಳಿಗೆಯೇ ಬೇಕು. 4000 ಕಿಲೋಕ್ಯಾಲರಿಯ ಒಳ್ಳೆಯ ದಿಂಡು ಇದ್ದು ಬಾಯ್ಲರು ಸುಸ್ಥಿತಿಯಲ್ಲಿದ್ದರೆ ಒಂದು ಟನ್ ಹಬೆಗೆ 225ರಿಂದ 250 ಕಿಲೋ ಸಾಕು. ಹಸಿ ಬಗ್ಯಾಸ್ ಆದರೆ ಅದರ ಇಮ್ಮಡಿ ಬೇಕಾಗುತ್ತದೆ.

ಶಾಖ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಬೂದಿಯನ್ನೂ ನೋಡಬೇಕು. ಶೇಂಗಾ ಸಿಪ್ಪಿ ಸುಟ್ಟರೆ ಟನ್ನಿಗೆ ಉಳಿಯುವ ಬೂದಿ ಸ್ವಲ್ಪ, ಹತ್ತಿಕಟಗಿಯದೂ ಕಡಿಮೆ. ಕಿತ್ತೂರ ಕಡೆಯ ಭತ್ತದ ಹೊಟ್ಟು ಸುಟ್ಟರೆ ಟನ್ನಿಗೆ 200 ಕಿಲೋದಷ್ಟು ಬೂದಿ, ತೆಗೆಯಲು ಆಳು ಬೇರೆ. ರವದಿಯ ಬೂದಿಯಲ್ಲಿ ಪೊಟ್ಯಾಷ್, ಸಿಲಿಕಾ ಎರಡೂ ಇರುವುದರಿಂದ ಜೋರು ಉರಿಗೆ ಕರಗಿ ಗಾಜಿನಂಥ ಹೆಂಟಿ ಕಟ್ಟುತ್ತದೆ, ಅದಕ್ಕೆ ಕ್ಲಿಂಕರ್ ಅನ್ನುತ್ತಾರೆ. ಜಾಳಿಗೆಯ ತೂತು ಮುಚ್ಚಿ ಗಾಳಿ ನಿಲ್ಲುತ್ತದೆ.

ಈ ಪಾಠ ನಾವು ಪುಸ್ತಕದಿಂದ ಕಲಿತದ್ದಲ್ಲ. ಹಿಂದಿನ ವರ್ಷದ ಹಂಗಾಮಿನಲ್ಲಿ ಸದಸ್ಯರ ಹೊಲಗಳಿಂದ ಹತ್ತಿಕಟಗಿ, ರವದಿ, ಗೋವಿನಜೋಳದ ದಂಟು ಎಲ್ಲಾ ಕೂಡಿಸಿ, ಒಂದು ಖಾಸಗಿ ಘಟಕದಲ್ಲಿ ಕೂಲಿ ಕೊಟ್ಟು ದಿಂಡು ಒತ್ತಿಸಿ ಒಂದು ಕಾರ್ಖಾನೆಗೆ ಕಳಿಸಿದೆವು. ಬೇರಿನ ಮಣ್ಣು ಝಾಡಿಸಿರಲಿಲ್ಲ. ಎರಡನೆಯ ದಿನ ಫೋನು ಬಂತು, "ಏನ್ರಿ, ಕಟಗಿ ಕಳಿಸೀರೋ, ಹೊಲಾನ ಕಳಿಸೀರೋ?" ಬಾಯ್ಲರು ನಿಲ್ಲಿಸಿ ಹಾರಿಯಿಂದ ಹೆಂಟಿ ಒಡೆದರಂತೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಬಿಲ್ಲಿನಲ್ಲಿ ತೇವದ ಹೆಸರಿನಲ್ಲಿಯೂ ದುಡ್ಡು ಕಡಿದರು, ಅದನ್ನು ನಮ್ಮ ಎದುರಿಗೆ ಅಳೆದಿರಲಿಲ್ಲ. ಶಾಖದ ಅಳತೆಯಲ್ಲಿಯೂ ಎರಡು ನಮೂನೆ ಇವೆ: ಬಂದ ಸ್ಥಿತಿಯಲ್ಲಿ ಅಳೆದದ್ದು, ಒಣಗಿಸಿ ಅಳೆದದ್ದು. ಕರಾರಿನಲ್ಲಿ ಯಾವುದು ಎಂದು ಬರೆಸದೆ ಸಹಿ ಹಾಕಿದ್ದು ನಮ್ಮ ದಡ್ಡತನ. ಸದಸ್ಯರಿಗೆ ಮಾತು ಕೊಟ್ಟ ದರವನ್ನು ಸಂಘದ ಲಾಭದಿಂದಲೇ ತುಂಬಿಕೊಟ್ಟೆವು. ಆ ವರ್ಷ ಡಿವಿಡೆಂಡ್ ಇಳಿದದ್ದಕ್ಕೆ ಕಾರಣ ಇದೇ. ವಾರ್ಷಿಕ ವರದಿಯಲ್ಲಿ "ಇತರೆ ವೆಚ್ಚ" ಎಂದು ಇದ್ದದ್ದನ್ನು ಇಲ್ಲಿ ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಆ ಮೇಲಿನ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು, "ತಮ್ಮಾ, ರವದಿ ಮಾರಿ ರೊಕ್ಕಾ ತರ್ತಿ, ಖರೆ. ಮುಂದ ಹೊಲಕ್ಕ ಏನ್ ಹಾಕ್ತಿ?" ನಾವು ಉತ್ತರ ಕೊಡಲಿಲ್ಲ, ಮನೆಗೆ ಬಂದು ಲೆಕ್ಕ ಹಾಕಿದೆವು. ಒಂದು ಟನ್ ರವದಿಯಲ್ಲಿ ಸುಮಾರು 4 ಕಿಲೋ ಸಾರಜನಕ, 6 ಕಿಲೋ ಪೊಟ್ಯಾಷ್ ಇರುತ್ತದೆ. ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ಕೂಳೆಯ ಸಾಲಿನ ನಡುವೆ ಮುಚ್ಚಿದರೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ, ಕೊಳೆತು ಮಣ್ಣಿಗೆ ಸೇರುತ್ತದೆ. ಯಾವ ಪೊಟ್ಯಾಷ್ ಬಾಯ್ಲರನ್ನು ಕೆಡಿಸಿತೋ ಅದನ್ನೇ ನಾವು ಸಂಘದ ಗೋದಾಮಿನಿಂದ ಚೀಲದ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುತ್ತೇವೆ. ಕಾಕಾ ಅವರು ಹೇಳಿದ್ದು ಸರಿ ಇತ್ತು.

ಹತ್ತಿಕಟಗಿಯ ನ್ಯಾಯ ಬೇರೆ. ಅದು ಬದುವಿನ ಮೇಲೆ ಉಳಿದಷ್ಟೂ ಗುಲಾಬಿ ಕಾಯಿಕೊರಕ ಒಳಗೇ ಕೂತು ಮುಂದಿನ ಬೆಳೆಗೆ ಕಾಯುತ್ತದೆ, ಹಂಗಾಮು ಮುಗಿದ ಕೂಡಲೇ ಕಿತ್ತು ತೆಗೆಯಿರಿ ಎಂದು ಕೃಷಿ ಇಲಾಖೆಯವರು ಹೇಳುತ್ತಲೇ ಇದ್ದಾರೆ. ಅದು ಹೊಲದಿಂದ ಹೋದರೇ ಒಳ್ಳೆಯದು, ಬಾಯ್ಲರಿಗೂ ಒಗ್ಗುತ್ತದೆ. ಆದ್ದರಿಂದ ಆಡಳಿತ ಮಂಡಳಿ ಹತ್ತಿಕಟಗಿ, ತೊಗರಿಕಟಗಿ, ಶೇಂಗಾ ಸಿಪ್ಪಿ ಈ ಮೂರನ್ನು ಮಾತ್ರ ಕೊಳ್ಳುವುದು, ರವದಿ ಬ್ಯಾಡ ಎಂದು ಠರಾವು ಮಾಡಿದೆ. ಇದಕ್ಕೆ ಕಬ್ಬಿನ ಸದಸ್ಯರಲ್ಲಿ ಕೆಲವರ ವಿರೋಧ ಇದೆ, ನಮ್ಮ ಮನೆಯಲ್ಲೇ ಇದೆ.

ಇನ್ನು ಯಂತ್ರ. 2021ರಲ್ಲಿ ಕೇಂದ್ರ ಸರಕಾರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ನೂರಕ್ಕೆ 5ರಷ್ಟು ಕೃಷಿ ಕಸದ ಗುಳಿಗೆ ಕೂಡಿಸಿ ಸುಡಬೇಕೆಂದು ಧೋರಣೆ ಮಾಡಿದ ಮೇಲೆ ಏಜೆಂಟರ ಓಡಾಟ ಹೆಚ್ಚಾಯಿತು. ನಮಗೆ ಹತ್ತಿರದ ದೊಡ್ಡ ಸ್ಥಾವರ ವಿಜಯಪುರ ಜಿಲ್ಲೆಯ ಕೂಡಗಿ. "ಪೆಲೆಟ್ ಹಾಕ್ರಿ, ಸರಕಾರನ ಗಿರಾಕಿ ಐತಿ" ಎಂದು ಬಣ್ಣದ ಕಾಗದ ಹಂಚಿದರು. ಯುವ ಸದಸ್ಯರಿಗೆ ಪೆಲೆಟ್ ಮೇಲೆ ಮನಸ್ಸಿದೆ. ನಮ್ಮ ಅಭಿಪ್ರಾಯ ಹೀಗಿದೆ. ಹತ್ತಿಕಟಗಿ ಸಿಗುವುದು ಜನವರಿಯಿಂದ ಎರಡು ಮೂರು ತಿಂಗಳು, ಯಂತ್ರ ನಡೆಯಬೇಕಾದದ್ದು ವರ್ಷ ಪೂರ್ತಿ. ಮಳೆಗಾಲಕ್ಕೆ ಒಣ ಮಾಲು ಇಡುವ ಪತ್ರಾ ಶೆಡ್ಡು ಇಲ್ಲದೆ ಯಾವ ಪ್ರೆಸ್ ತಂದರೂ ನಿಲ್ಲುತ್ತದೆ. ಒತ್ತಿದ ದಿಂಡು ಸಹ ನೀರು ತಾಗಿದರೆ ಹಿಟ್ಟಾಗಿ ಬೀಳುತ್ತದೆ. ಆದ್ದರಿಂದ ಮೊದಲು ಶೆಡ್ಡು, ಕಟಗಿ ಚೂರು ಮಾಡುವ ಯಂತ್ರ ಆಗಲಿ. ಎರಡು ಹಂಗಾಮು ಚೂರು ಮಾಡಿದ ಮಾಲನ್ನೇ ಮಾರಿ ನೋಡೋಣ. ಆ ಮೇಲೆ ದುಡ್ಡು ಕೂಡಿದರೆ ಪಿಸ್ಟನ್ ಪ್ರೆಸ್ಸು, ಯಾಕಂದರೆ ನಮ್ಮ ಸುತ್ತಿನ ಸಣ್ಣ ಬಾಯ್ಲರಿನವರು ಕೇಳುವುದು ದಿಂಡನ್ನೇ, ರಿಪೇರಿಯೂ ಬೈಲಹೊಂಗಲದಲ್ಲೇ ಆದೀತು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರಿ ಸಂಘ ಕಟ್ಟಿದ್ದನ್ನು ನಾವು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಅವರಿಗೆ ಏಜೆಂಟರ ಕಾಟ ಇತ್ತೋ ಇಲ್ಲವೋ, ಸದಸ್ಯರ ಒಪ್ಪಿಗೆ ಮಾತ್ರ ಬೇಕೇ ಬೇಕಿತ್ತು. ಶೆಡ್ಡಿನ ಠರಾವು ಈ ಸಲದ ಸರ್ವಸಾಧಾರಣ ಸಭೆಯ ಮುಂದೆ ಬರುತ್ತದೆ. ಬೇಕು ಎನ್ನುವವರೂ ಬ್ಯಾಡ ಎನ್ನುವವರೂ ತಪ್ಪದೆ ಬರಬೇಕು.

ಅಲ್ಲಿಯವರೆಗೆ ಕಟಗಿ ಕೊಡುವ ಸದಸ್ಯರಲ್ಲಿ ವಿನಂತಿ: ಕಿತ್ತ ಮೇಲೆ ಬೇರು ಝಾಡಿಸಿರಿ, ಮೂರು ನಾಲ್ಕು ವಾರ ಹೊಲದಾಗೇ ನಿಲ್ಲಿಸಿ ಒಣಗಿಸಿರಿ, ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ ಕೂಡಿಸಬೇಡಿರಿ. ತೇವ ಅಳೆಯುವ ಮೀಟರು ಕಾರ್ಯದರ್ಶಿಯವರ ಟೇಬಲಿನ ಮೇಲೆ ಇದೆ. ಟ್ರ್ಯಾಲಿ ತುಂಬುವ ಮೊದಲು ನಾಲ್ಕು ಕಡ್ಡಿ ಮುರಿದುಕೊಂಡು ಬಂದು ನಿಮ್ಮ ಎದುರಿಗೇ ಅಳೆಸಿಕೊಳ್ಳಿರಿ, ಅಂಕಿಯನ್ನು ಪಾವತಿಯ ಮೇಲೆ ಬರೆಸಿಕೊಳ್ಳಿರಿ.