ಮಧುಮೇಹದಲ್ಲಿ ಬೀಜದೋಷದ ವಿಚಾರ

ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡು ಬಗೆಯಾಗಿ ವಿಭಾಗಿಸಿದೆ. ಮೊದಲನೆಯದು ಮಾತಾಪಿತೃಗಳ ಬೀಜದೋಷದಿಂದ ಬರುವುದು. ಅದರ ರೋಗಿಯು ಕೃಶನು. ಎರಡನೆಯದು ಅಹಿತವಾದ ಆಹಾರದಿಂದ ಬರುವುದು; ಅದರ ರೋಗಿಯು ಪ್ರಾಯಶಃ ಸ್ಥೂಲನು. ಪ್ರೌಢವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಮಧುಮೇಹವನ್ನು ಕೇವಲ ಅಪಥ್ಯದ ಫಲವೆಂದೆಣಿಸುವುದು ಇಂದಿಗೂ ಲೋಕರೂಢಿಯಾಗಿದೆ. ಈ ಎಣಿಕೆಯು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಆಧುನಿಕ ಶೋಧನೆಗಳ ಚರಿತ್ರೆಯಿಂದ ಪರಿಶೀಲಿಸಬಹುದು.

1936ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು, ಮಧುಮೇಹಿಗಳಲ್ಲಿ ಇನ್ಸುಲಿನ್ನು ಚೆನ್ನಾಗಿ ಫಲಿಸುವವರೂ ಫಲಿಸದವರೂ ಎಂಬ ಎರಡು ವರ್ಗಗಳುಂಟೆಂದು ತೋರಿಸಿದರು. 1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಅವರು, ಕ್ಷಾಮಕಾಲದಲ್ಲಿ ಪ್ರಾಣವನ್ನುಳಿಸಿದ ಮಿತವ್ಯಯದ ಆನುವಂಶಿಕ ಗುಣವೇ ಸುಭಿಕ್ಷದಲ್ಲಿ ರೋಗಕ್ಕೆ ಎಡೆಗೊಡುವುದೆಂದು ಊಹಿಸಿದರು.

ಊಹೆಗಿಂತ ಬಲವಾದ ಸಾಕ್ಷ್ಯವು ಅವಳಿಗಳಿಂದ ದೊರೆಯಿತು. ಲಂಡನ್ನಿನ ವೈದ್ಯರು 1981ರಲ್ಲಿ, ಒಂದೇ ಅಂಡದಿಂದ ಹುಟ್ಟಿದ 200 ಜೋಡಿ ಅವಳಿಗಳ ವಿವರವನ್ನು ಪ್ರಕಟಿಸಿದರು. ಇನ್ಸುಲಿನ್ನನ್ನು ಅವಲಂಬಿಸಿದ ಮಧುಮೇಹದ 147 ಜೋಡಿಗಳ ಪೈಕಿ 80ರಲ್ಲಿ ಇಬ್ಬರಿಗೂ ರೋಗವಿದ್ದಿತು. ಅದನ್ನು ಅವಲಂಬಿಸದ, ಎಂದರೆ ಸಾಮಾನ್ಯವಾಗಿ ಪ್ರೌಢರಲ್ಲಿ ತೋರುವ ಮಧುಮೇಹದ 53 ಜೋಡಿಗಳ ಪೈಕಿ 48ರಲ್ಲಿ ಇಬ್ಬರಿಗೂ ಇದ್ದಿತು. ಇಬ್ಬರಿಗೂ ರೋಗವಿರುವ ಜೋಡಿಗಳೇ ವೈದ್ಯರ ಗಮನಕ್ಕೆ ಬೇಗ ಬರುವುವೆಂಬ ಆಕ್ಷೇಪವುಂಟು. ಅವಳಿಗಳು ಗರ್ಭವನ್ನೂ ಮನೆಯೂಟವನ್ನೂ ಹಂಚಿಕೊಂಡವರೆಂಬುದೂ ದಿಟ. ಆದರೂ ಅಪಥ್ಯದ ಫಲವೆಂದೆಣಿಸಿದ ರೋಗದಲ್ಲಿಯೇ ಬೀಜದ ಪ್ರಭಾವವು ಹೆಚ್ಚಾಗಿ ತೋರಿತೆಂಬುದು ಗಮನಾರ್ಹವು.

ಆ ದೋಷವಾದರೋ ಒಂದೇ ಆಗಿರಲಿಲ್ಲ. 2006ರಲ್ಲಿ ಐಸ್‌ಲೆಂಡಿನ ಸಂಶೋಧಕರು ಹತ್ತನೆಯ ವರ್ಣತಂತುವಿನ ಟಿಸಿಎಫ್7ಎಲ್2 ಎಂಬ ಜೀನಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದರು. ಅದರ ಅಪಾಯಕರ ರೂಪವಿಲ್ಲದವರಿಗಿಂತ, ತಂದೆತಾಯಿಗಳಲ್ಲಿ ಒಬ್ಬರಿಂದ ಅದನ್ನು ಪಡೆದವರಿಗೆ ರೋಗಸಂಭವವು 1.45ರಷ್ಟೂ, ಇಬ್ಬರಿಂದಲೂ ಪಡೆದವರಿಗೆ 2.41ರಷ್ಟೂ ಇದ್ದಿತು. 2007ರಿಂದೀಚೆಗೆ ವರ್ಣತಂತುಗಳೆಲ್ಲವನ್ನೂ ಒಟ್ಟಾಗಿ ಶೋಧಿಸಿದಾಗ ಇಂತಹ ನೂರಾರು ತಾಣಗಳು ದೊರೆತಿವೆ. ಅವುಗಳಲ್ಲಿ ಬಹುಪಾಲಿನ ಬಲವು ಇದಕ್ಕಿಂತಲೂ ಅಲ್ಪವು.

ಹಾಗೆಂದು ಪಥ್ಯವು ನಿಷ್ಫಲವೆನ್ನಲಾಗದು. ಅಮೆರಿಕದಲ್ಲಿ ರೋಗದ ಅಂಚಿನಲ್ಲಿದ್ದವರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ, ಆಹಾರನಿಯಮ ಮತ್ತು ವ್ಯಾಯಾಮಗಳಿಂದ ರೋಗಪ್ರಾಪ್ತಿಯು ನೂರಕ್ಕೆ 58ರಷ್ಟು ತಗ್ಗಿತೆಂದು 2002ರಲ್ಲಿ ತಿಳಿದುಬಂದಿತು. ಮೇಲೆ ಹೇಳಿದ ಜೀನಿನ ಅಪಾಯಕರ ರೂಪವನ್ನು ಇಬ್ಬರಿಂದಲೂ ಪಡೆದವರಿಗೂ ಆ ಕ್ರಮವು ಉಪಕಾರಿಯಾಯಿತೆಂಬುದು 2006ರಲ್ಲಿ ಸ್ಪಷ್ಟವಾಯಿತು.

ಆದುದರಿಂದ ಪ್ರೌಢರ ಮಧುಮೇಹದ ಮಟ್ಟಿಗಾದರೂ, ಸಹಜ, ಅಪಥ್ಯನಿಮಿತ್ತ ಎಂಬಿವನ್ನು ಎರಡು ರೋಗಗಳ ಹೆಸರುಗಳೆನ್ನುವುದಕ್ಕಿಂತ ಒಂದೇ ರೋಗದ ಎರಡು ಕಾರಣಗಳೆನ್ನುವುದು ಯುಕ್ತವು. ವಂಶದಲ್ಲಿದೆಯೆಂದು ಪಥ್ಯವನ್ನು ಬಿಡುವವರೂ, ರೋಗಿಯ ಜಿಹ್ವಾಚಾಪಲ್ಯವನ್ನೇ ದೂರುವವರೂ ಈ ಚರಿತ್ರೆಯನ್ನು ಮನನಮಾಡಬೇಕು.